ಗೋತ್ರವೂ ವಂಶವಾಹಿಯೂ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆತನಗಳಲ್ಲಿ ಮದುವೆಯ ಮಾತು ಎದ್ದಾಗ ಹಿರಿಯರು ಮೊಟ್ಟಮೊದಲು ಕೇಳುವುದು ಗೋತ್ರವನ್ನು. ವಧೂವರರ ಗೋತ್ರವು ಒಂದೇ ಆಯಿತೆಂದರೆ ಮಾತು ಅಲ್ಲಿಗೇ ಮುಗಿಯಿತು. ವಿದ್ಯೆ, ರೂಪ, ಸಂಬಳ ಯಾವುದನ್ನೂ ಮುಂದೆ ವಿಚಾರಿಸುವವರಿಲ್ಲ. ಇಪ್ಪತ್ತು ತಲೆಮಾರುಗಳ ಹಿಂದೆ ಒಬ್ಬನೇ ಮೂಲಪುರುಷನಿದ್ದನೆಂಬ ನಂಬಿಕೆಯೇ ಅಲ್ಲಿ ಅಡ್ಡಗೋಡೆ. ಆದರೆ ಅದೇ ಮನೆಯಲ್ಲಿ ಅದೇ ಹಿರಿಯರು ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದನ್ನೂ, ಸೋದರತ್ತೆಯ ಮಗನಿಗೆ ಹುಡುಗಿಯನ್ನು ಗೊತ್ತುಮಾಡುವುದನ್ನೂ ದೋಷವೆಂದು ಎಣಿಸಿದವರಲ್ಲ. ಅದು ತಮ್ಮ ಹಕ್ಕೆಂದೇ ಬಗೆದು, ಕೊಡದೆ ಹೋದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರೂ ಉಂಟು. ಹುಡುಗಿಯು ತಂದೆಯ ಗೋತ್ರದವಳು, ಸೋದರಮಾವನು ತಾಯಿಯ ತವರಿನ ಗೋತ್ರದವನು. ಆದುದರಿಂದ ಶಾಸ್ತ್ರಕ್ಕೆ ಬಾಧೆಯಿಲ್ಲವೆಂಬುದು ಲೆಕ್ಕ. ಈ ಲೆಕ್ಕವನ್ನೂ ಈಗಿನ ವಂಶವಾಹಿಶಾಸ್ತ್ರದ ಲೆಕ್ಕವನ್ನೂ ಎದುರುಬದುರು ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಇದರಲ್ಲಿ ಆಚಾರವನ್ನು ಹಳಿಯುವ ಇಚ್ಛೆ ನಮಗಿಲ್ಲ; ಮಕ್ಕಳ ಆಯುಸ್ಸಿನ ಪ್ರಶ್ನೆಯಾದುದರಿಂದ ಮುಚ್ಚುಮರೆಯೂ ಸಲ್ಲದು.

ಸೋದರಿಕೆಯ ಮದುವೆಯು ನಿನ್ನೆ ಮೊನ್ನೆಯದಲ್ಲ. ಬೌಧಾಯನ ಧರ್ಮಸೂತ್ರವು ದಕ್ಷಿಣದವರ ವಿಶೇಷಾಚಾರಗಳನ್ನು ಎಣಿಸುವಾಗಲೇ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದನ್ನು ಹೆಸರಿಸಿದೆ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಹೊಲಮನೆ ಹೊರಗೆ ಹೋಗದು. ವರದಕ್ಷಿಣೆಯ ಚೌಕಾಸಿ ಕಡಮೆ. ಹೆಣ್ಣುಮಗಳು ಹೋಗಿ ಸೇರುವುದು ತಾನು ಹುಟ್ಟಿದಂದಿನಿಂದ ಬಲ್ಲ ಅಜ್ಜಿಯ ಮನೆಯನ್ನೇ. ಅತ್ತೆಯೇ ಅಜ್ಜಿಯಾದಾಗ ಹುಡುಗಿಗೆ ದೊರೆಯುವ ಆಶ್ರಯವನ್ನು ಪರರ ಮನೆಯಲ್ಲಿ ನಿರೀಕ್ಷಿಸುವುದು ಕಷ್ಟ. ಇದನ್ನರಿಯದೆ ಈ ಪದ್ಧತಿಯನ್ನು ಬರಿಯ ಅಜ್ಞಾನವೆಂದು ಗೇಲಿಮಾಡುವ ನಾಗರಿಕರ ಮಾತಿಗೆ ನಾವು ಬೆಲೆ ಕೊಡಲಾರೆವು. ಕಾನೂನು ಕೂಡ ಇಲ್ಲಿ ಮೆಲ್ಲನೆ ಹೆಜ್ಜೆಯಿಟ್ಟಿದೆ. 1955ರ ಹಿಂದೂ ವಿವಾಹ ಕಾಯಿದೆಯು ಸೋದರಮಾವ ಸೊಸೆಯರ ಸಂಬಂಧವನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿತಾದರೂ, ರೂಢಿಯುಂಟೆಂದು ತೋರಿಸಿದವರಿಗೆ ವಿನಾಯಿತಿಯನ್ನು ಇಟ್ಟಿತು. ಇತ್ತ ಸಗೋತ್ರ ವಿವಾಹವು ಆಗಿನ ಬ್ರಿಟಿಷ್ ಇಂಡಿಯದಲ್ಲಿ 1946ರಷ್ಟು ಹಿಂದೆಯೇ ಕಾಯಿದೆಯ ಮೂಲಕ ಸಿಂಧುವಾಗಿತ್ತು. ಎಂದರೆ ಶಾಸನವು ಗೋತ್ರದ ಅಡ್ಡಿಯನ್ನು ಕಿತ್ತು ಎಂಟು ದಶಕಗಳಾಗುತ್ತ ಬಂದರೂ ಮನೆಗಳಲ್ಲಿ ಅದು ನಿಂತೇ ಇದೆ.

ಇನ್ನು ವಿಜ್ಞಾನದ ಲೆಕ್ಕ. ಮನುಷ್ಯನ ದೇಹದ ಪ್ರತಿಯೊಂದು ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿರುತ್ತವೆ. ಜೊತೆಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಅವುಗಳಲ್ಲಿ ಸುಮಾರು 20 ಸಾವಿರ ವಂಶವಾಹಿಗಳು, ಜನರು ಜೀನ್‌ಗಳೆನ್ನುವುವು, ಡಿ.ಎನ್.ಎ. ಎಂಬ ದ್ರವ್ಯದಲ್ಲಿ ಬರೆದಂತೆ ಇರುತ್ತವೆ. ಒಂದು ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ನಡೆಸಿಕೊಂಡು ಹೋಗುವುದರಿಂದ ಅಂಥವನಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಅವನು ವಾಹಕ ಮಾತ್ರ. ಹೀಗೆ ಕೆಲವು ಕೆಟ್ಟ ಪ್ರತಿಗಳನ್ನು ಹೊತ್ತು ತಿರುಗದ ಮನುಷ್ಯನೇ ಇಲ್ಲ. ಓದುಗರಲ್ಲಿಯೂ ಇಲ್ಲ, ಈ ಪತ್ರಿಕೆಯ ಕಚೇರಿಯಲ್ಲಿಯೂ ಇಲ್ಲ. ತೊಂದರೆಯು ಬರುವುದು ಅದೇ ಕೆಟ್ಟ ಪ್ರತಿಯನ್ನು ಹೊತ್ತ ಇಬ್ಬರು ಕೈಹಿಡಿದಾಗ. ಆಗ ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವವು ನಾಲ್ಕರಲ್ಲಿ ಒಂದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜಿಯೊಬ್ಬಳು ಇಂಥದೊಂದು ಕೆಟ್ಟ ಪ್ರತಿಯ ವಾಹಕಳು; ಅದು ಅವಳಿಗೂ ತಿಳಿಯದು. ಅವಳ ಮಗನಿಗೆ ಅದು ಹೋಗುವ ಸಂಭವ ಅರ್ಧ, ಮಗಳಿಗೆ ಅರ್ಧ, ಮಗಳ ಮಗಳಿಗೆ ಕಾಲು. ಆ ಮಗನಿಗೂ ಮೊಮ್ಮಗಳಿಗೂ ಮದುವೆಯಾದರೆ ಇಬ್ಬರೂ ವಾಹಕರಾಗಿರುವ ಸಂಭವ ಎಂಟರಲ್ಲಿ ಒಂದು; ಮಗುವು ರೋಗಿಯಾಗುವ ಸಂಭವ 32ರಲ್ಲಿ ಒಂದು. ಅದೇ ಮಗನು ಸಂಬಂಧವಿಲ್ಲದ ಕಡೆಯಿಂದ ಹೆಣ್ಣು ತಂದನೆನ್ನೋಣ. ಊರಿನಲ್ಲಿ ನೂರಕ್ಕೆ ಒಬ್ಬರು ಆ ದೋಷದ ವಾಹಕರೆಂದು ಇಟ್ಟುಕೊಂಡರೂ ಸಂಭವವು 800ರಲ್ಲಿ ಒಂದಕ್ಕೆ ಇಳಿಯುತ್ತದೆ. ಗೋತ್ರದ ಮೂಲಪುರುಷನಿಂದ ಇಪ್ಪತ್ತು ತಲೆಮಾರು ಇಳಿದು ಬಂದ ಇಬ್ಬರು ಸಗೋತ್ರಿಗಳಲ್ಲಾದರೋ ಅವನ ಪಾಲು ಪ್ರತಿ ತಲೆಮಾರಿಗೂ ಅರೆಯಾಗುತ್ತ ಬಂದು, ಗಂಡಿನಿಂದ ಗಂಡಿಗೇ ಸಾಗುವ ಒಂದು ವರ್ಣತಂತುವನ್ನು ಬಿಟ್ಟರೆ, ಲೆಕ್ಕಕ್ಕೆ ಸಿಕ್ಕದಷ್ಟಾಗಿರುತ್ತದೆ. ಸೋದರಮಾವ ಸೊಸೆಯರಲ್ಲಿಯೋ ವಂಶವಾಹಿಗಳ ಕಾಲುಭಾಗವೇ ಸಮಾನ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಅಣ್ಣತಂಗಿಯರು, ಅವರೊಳಗೆ ಮದುವೆಯೆಂಬುದು ಮಹಾಪಾಪ; ಸೋದರತ್ತೆ ಸೋದರಮಾವಂದಿರ ಮಕ್ಕಳಿಗಾದರೋ ಮದುವೆ ಹಕ್ಕು. ವಂಶವಾಹಿಗಳ ದೃಷ್ಟಿಯಿಂದ ಈ ಎರಡು ಜೊತೆಗಳಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಇದು ಕಾಗದದ ಮೇಲಿನ ಗಣಿತವಷ್ಟೆ, ನಮ್ಮ ಜನರಲ್ಲಿ ಇದನ್ನು ಕಣ್ಣಾರೆ ಕಂಡವರಾರೆಂದು ಕೇಳಬಹುದು. ಕಂಡಿದ್ದಾರೆ, ಅದೂ ಮಲ್ಲೇಶ್ವರದ ನೆರೆಯಲ್ಲಿಯೇ. 1980ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞರಾದ ಎನ್. ಅಪ್ಪಾಜಿ ರಾವ್ ಅವರೂ ಎಚ್. ಎಸ್. ಸಾವಿತ್ರಿ, ಎ. ರಾಧಾ ರಮಾದೇವಿ ಮೊದಲಾದ ಅವರ ಸಹೋದ್ಯೋಗಿಗಳೂ ಬೆಂಗಳೂರು ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ರಕ್ತಪರೀಕ್ಷೆಗೆ ಕೈಹಾಕಿದರು. ನವಜಾತ ಶಿಶುಗಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸುವ ಕಾರ್ಯವು ಭಾರತದಲ್ಲಿ ಆರಂಭವಾದುದೇ ಕರ್ನಾಟಕದಲ್ಲಿ. ಕೂಸಿನ ಹಿಮ್ಮಡಿಯನ್ನು ಸೂಜಿಯಿಂದ ಚುಚ್ಚಿ, ಒಂದೆರಡು ತೊಟ್ಟು ರಕ್ತವನ್ನು ಹೀರುಕಾಗದದ ಮೇಲೆ ಇಂಗಿಸಿ ಒಣಗಿಸುವುದು. ಅಮೈನೋ ಆಮ್ಲಗಳನ್ನು ಅರಗಿಸಲಾರದ ಹುಟ್ಟುದೋಷಗಳೇನಾದರೂ ಇವೆಯೇ ಎಂದು ಪ್ರಯೋಗಶಾಲೆಯಲ್ಲಿ ಅದನ್ನು ಪರಿಶೀಲಿಸುವುದು. ಕೆಲವೇ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಕೂಸುಗಳ ರಕ್ತವನ್ನು ಹೀಗೆ ಶೋಧಿಸಲಾಯಿತು. ಪರೀಕ್ಷೆಯ ಜೊತೆಗೆ ತಾಯಂದಿರನ್ನು ಒಂದು ಸಣ್ಣ ಪ್ರಶ್ನೆಯನ್ನೂ ಕೇಳಿದರು: ನಿಮ್ಮ ಯಜಮಾನರು ಮದುವೆಗೆ ಮೊದಲು ನಿಮಗೆ ಏನಾಗಬೇಕು? ಎ. ಎಚ್. ಬಿಟಲ್ಸ್ ಎಂಬ ವಿದೇಶೀ ವಿದ್ವಾಂಸರೂ ಕೂಡಿಕೊಂಡು ಈ ಉತ್ತರಗಳನ್ನು ಎಣಿಸಿದಾಗ, 1980ರಿಂದ 1989ರವರೆಗೆ ಈ ಎರಡು ನಗರಗಳಲ್ಲಿ ವಿಚಾರಿಸಿದ ದಂಪತಿಗಳಲ್ಲಿ ಹೆಚ್ಚುಕಡಮೆ ಮೂರರಲ್ಲಿ ಒಂದು ಜೋಡಿಯು ರಕ್ತಸಂಬಂಧಿಗಳದೆಂದು ಕಂಡುಬಂದಿತು. ಹಿಂದೂಗಳಲ್ಲಿ ಇದು ಹೆಚ್ಚು; ಮುಸಲ್ಮಾನರಲ್ಲಿಯೂ ಕ್ರೈಸ್ತರಲ್ಲಿಯೂ ಕಡಮೆಯಾದರೂ ಇಲ್ಲದಿಲ್ಲ. ಹಳ್ಳಿಗಾಡಿನ ಅಂಕಿಯಲ್ಲ ಇದು, ರಾಜಧಾನಿಯದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪಾಲು ನೂರಕ್ಕೆ 25ನ್ನು ಮೀರಿಯೇ ಇದೆ.

ಅಪ್ಪಾಜಿ ರಾವ್ ಮತ್ತು ಸಂಗಡಿಗರ ಕಾರ್ಯವು ಹೊರದೇಶಗಳ ವೈದ್ಯಪತ್ರಿಕೆಗಳಲ್ಲಿ ಅಚ್ಚಾಗಿ, ಲೋಕದ ವಿದ್ವಾಂಸರೆಲ್ಲರೂ ಕರ್ನಾಟಕವನ್ನು ಉದಾಹರಿಸುವಂತಾಯಿತು. ಆದರೆ ಇಂಥ ಪರೀಕ್ಷೆಯು ನಮ್ಮಲ್ಲಿ ಅಕ್ಕಿ ಬೇಳೆಯಂತೆ ಎಲ್ಲರಿಗೂ ದೊರೆಯುವ ವಸ್ತುವಾಗಲಿಲ್ಲ. ಗೋವೆಯ ಸರ್ಕಾರವು 2008ರಲ್ಲಿ ತನ್ನ ರಾಜ್ಯದ ಕೂಸುಗಳಿಗೆ ಇದನ್ನು ಏರ್ಪಡಿಸಿದಾಗ, ಮೊದಲು ದಾರಿ ತೋರಿದವರು ಹಿಂದೆ ಬಿದ್ದರಲ್ಲಾ ಎಂದು ನಮಗೆ ಎನಿಸದೆ ಇರಲಿಲ್ಲ.

ಇಲ್ಲಿ ಹಿರಿಯರ ಆಕ್ಷೇಪವೊಂದುಂಟು. ನಮ್ಮ ಅಜ್ಜ ಅಕ್ಕನ ಮಗಳನ್ನು ಮದುವೆಯಾದರು, ಎಂಟು ಮಕ್ಕಳಾದರು, ಎಲ್ಲರೂ ಗಟ್ಟಿಮುಟ್ಟಾಗಿ ಬಾಳಲಿಲ್ಲವೇ ಎಂದು ಕೇಳುತ್ತಾರೆ. ಬಾಳಿದ್ದಾರೆ, ಅಲ್ಲಗಳೆಯಲಾಗದು. ಸಂಬಂಧಿಗಳ ಮದುವೆಯಲ್ಲಿ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಹೊರಗಿನ ಮದುವೆಗಳಲ್ಲಿ ಹುಟ್ಟುವ ಕೂಸುಗಳಲ್ಲಿಯೂ ನೂರಕ್ಕೆ ಎರಡು ಮೂರಕ್ಕೆ ಹುಟ್ಟುದೋಷವಿರುತ್ತದೆ; ಅತ್ತೆ ಮಾವಂದಿರ ಮಕ್ಕಳ ಮದುವೆಯಲ್ಲಿ ಅದು ಸರಿಸುಮಾರು ಇಮ್ಮಡಿಯಾಗುತ್ತದೆ. ಮನೆಯೊಂದಕ್ಕೆ ಇದು ಕಾಣದು, ನಗರಕ್ಕೆ ಕಾಣುತ್ತದೆ. ಅಜ್ಜನ ಕಾಲದಲ್ಲಿ ಎಂಟು ಹೆತ್ತು ಮೂರು ಕಳೆದುಕೊಂಡರೆ ಸಿಡುಬೆಂದೋ ಬಾಲಗ್ರಹವೆಂದೋ ಹೇಳಿ ಸಮಾಧಾನಪಡುತ್ತಿದ್ದರು. ಸಿಡುಬು ಹೋಯಿತು, ಮಲೇರಿಯ ಇಳಿಯಿತು. ಈಗ ಒಂದೆರಡೇ ಹೆರುವ ಮನೆಗಳಲ್ಲಿ ಹುಟ್ಟುದೋಷಗಳು ಎದ್ದು ಕಾಣತೊಡಗಿವೆ. ಇನ್ನೊಂದು ವಾದವನ್ನು ಕೆಲವು ವಿಜ್ಞಾನಿಗಳೂ ಎತ್ತಿದ್ದರು: ಸಾವಿರಾರು ವರ್ಷ ಒಳಗೊಳಗೇ ಮದುವೆಯಾಗುತ್ತ ಬಂದವರಲ್ಲಿ ಕೆಟ್ಟ ಪ್ರತಿಗಳು ತಾವಾಗಿಯೇ ತೊಳೆದುಹೋಗಿರಬೇಕೆಂದು. ತೊಳೆದುಹೋಗಿದ್ದರೆ ಕರ್ನಾಟಕದ ಎಣಿಕೆಯಲ್ಲಿ ಹುಟ್ಟುರೋಗಗಳು ಸೋದರಿಕೆಯ ಮದುವೆಗಳ ಕಡೆಗೆ ಹೀಗೆ ವಾಲುತ್ತಿರಲಿಲ್ಲ.

ಈ ವಿಷಯದಲ್ಲಿ ಎಲ್ಲಕ್ಕಿಂತಲೂ ಹೆಚ್ಚಿನ ಅನ್ಯಾಯವು ನಡೆಯುವುದು ಸೊಸೆಗೆ. ಮಗುವು ಕಾಯಿಲೆಯದಾಗಿ ಹುಟ್ಟಿತೆಂದರೆ ಅವಳ ಕಾಲ್ಗುಣ, ಅವಳ ತವರಿನ ದೋಷ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎಂಬ ಮಾತುಗಳು ಹೊರಡುತ್ತವೆ. ಗಂಡಿಗೆ ಇನ್ನೊಂದು ಮದುವೆಯ ಮಾತೂ ಏಳುವುದುಂಟು. ಮೇಲೆ ಹೇಳಿದ ಬಗೆಯ ರೋಗಗಳಲ್ಲಿ ಒಂದು ಪ್ರತಿಯು ತಾಯಿಯಿಂದ ಬಂದರೆ ಇನ್ನೊಂದು ತಂದೆಯಿಂದಲೇ ಬಂದಿರಬೇಕು. ಬೇರೆ ದಾರಿಯೇ ಇಲ್ಲ. ಧಾರೆಯೆರೆದಾಗ ಹೆಣ್ಣಿನ ಗೋತ್ರವು ಬದಲಾಗುತ್ತದೆಂದು ಪುರೋಹಿತರು ಹೇಳುತ್ತಾರೆ; ಅವಳ ವಂಶವಾಹಿಗಳಾದರೋ ಅವಳಲ್ಲಿಯೇ ಉಳಿದು, ಗಂಡನ ಗೋತ್ರದ ಹೆಸರಿನಲ್ಲಿ ಹುಟ್ಟುವ ಮಕ್ಕಳಿಗೆ ಸರಿಯಾಗಿ ಅರ್ಧ ಪಾಲು ಕೊಡುತ್ತವೆ. ಮನೆತನದ ವಂಶವೃಕ್ಷಗಳಲ್ಲಿ ತಾಯಂದಿರ ಹೆಸರನ್ನೇ ಬರೆಯದೆ ಬಿಟ್ಟವರು ಈ ಅರ್ಧವನ್ನು ಎಲ್ಲಿ ಕಳೆದರೋ ನಾವರಿಯೆವು.

ಹಾಗಾದರೆ ಸೋದರಿಕೆಯನ್ನು ಬಿಟ್ಟು, ತಮ್ಮ ಜಾತಿಯಲ್ಲಿಯೇ ಪರಿಚಯವಿಲ್ಲದ ಕಡೆ ಹೆಣ್ಣು ತಂದರೆ ಗಂಡಾಂತರವು ಕಳೆಯಿತೇ? ಬಹುಮಟ್ಟಿಗೆ ಕಡಮೆಯಾಯಿತು, ಪೂರ್ತಿ ಕಳೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಬಡಾವಣೆಗಳು ಎದ್ದಾಗ, ಅದರಲ್ಲಿಯೂ 1898ರ ಪ್ಲೇಗಿನ ಬಳಿಕ ಪೇಟೆಯ ಜನ ಇತ್ತ ಬಂದಾಗ, ನಿವೇಶನಗಳನ್ನು ಬಹುಮಟ್ಟಿಗೆ ಜಾತಿ ನೋಡಿಯೇ ಹಂಚಿದರು. ನಾಲ್ಕು ಬೀದಿಗಳಾಚೆ ಬೀಗರು ದೊರೆಯುತ್ತಿದ್ದರು. ಬೀದಿಯು ಹೊಸದು, ಬಳಗವು ಹಳೆಯದು. 2017ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡವು ದಕ್ಷಿಣ ಏಷ್ಯದ 263 ಜನಸಮುದಾಯಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿತು. ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಜನರಿಂದ ಹೊರಟು, ಅನಂತರ ಹೊರಗಿನವರನ್ನು ಬೆರೆಸಿಕೊಳ್ಳದೆ ಬೆಳೆದವೆಂದು ಗೊತ್ತಾಯಿತು. ಹತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯುಳ್ಳ ಸಮುದಾಯಗಳೂ ಅವುಗಳಲ್ಲಿದ್ದುವು. ಅಂಥ ಸಮುದಾಯದಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ಕೂಡ ವಂಶವಾಹಿಗಳ ಮಟ್ಟಿಗೆ ದಾಯಾದಿಗಳೇ.

ಇದಕ್ಕೆ ಬೆಂಗಳೂರಿನವರು ಬಲ್ಲ ಉದಾಹರಣೆಯೊಂದಿದೆ. ಚಿಕ್ಕಪೇಟೆಯಿಂದ ವಿಶ್ವೇಶ್ವರಪುರದವರೆಗೆ ವ್ಯಾಪಾರದಿಂದಲೂ ದಾನಧರ್ಮಗಳಿಂದಲೂ ಹೆಸರಾದ ಆರ್ಯವೈಶ್ಯ ಸಮಾಜವು ತನ್ನ ಮೂಲವನ್ನು ಪೆನುಗೊಂಡೆಯ ವಾಸವಿ ಕನ್ಯಕಾಪರಮೇಶ್ವರಿಯ ಕಥೆಯಿಂದ ಹೇಳಿಕೊಳ್ಳುತ್ತದೆ. ಅಗ್ನಿಪ್ರವೇಶದಲ್ಲಿ ದೇವಿಯ ಜೊತೆಗೂಡಿದ 102 ಗೋತ್ರಗಳವರ ಸಂತಾನವೇ ತಾವೆಂಬುದು ಅವರ ನಂಬಿಕೆ. ಲಕ್ಷಗಟ್ಟಲೆ ಜನರು ಸ್ವಲ್ಪವೇ ಮಂದಿ ಪೂರ್ವಿಕರಿಂದ ಇಳಿದು ಬಂದರೆಂಬ ಭಾಗದಲ್ಲಿ ಈ ಕಥೆಯೂ ಪ್ರಯೋಗಶಾಲೆಯೂ ಒಂದೇ ಮಾತನ್ನಾಡುತ್ತವೆ. ಎರಡು ಮೂರು ಸಾವಿರ ವರ್ಷಗಳಿಂದ ಈ ಸಮುದಾಯದ ರಕ್ತವು ಹೊರಗೆ ಬೆರೆತಿಲ್ಲವೆಂದು ವಿಜ್ಞಾನಿಗಳ ಅಂದಾಜು. ಇವರಲ್ಲಿ ಕೆಲವರಿಗೆ ಬ್ಯೂಟಿರಿಲ್ ಕೋಲಿನೆಸ್ಟರೇಸ್ ಎಂಬ ಕಿಣ್ವವು ಹುಟ್ಟಿನಿಂದಲೇ ಇರುವುದಿಲ್ಲ. ಉಳಿದ ಜನರಿಗಿಂತ ಸುಮಾರು ನೂರುಮಡಿ ಹೆಚ್ಚಾಗಿ ಈ ಕೊರತೆ ಇವರಲ್ಲಿದೆ. ಅದರಿಂದ ನಿತ್ಯಜೀವನದಲ್ಲಿ ತೃಣಮಾತ್ರವೂ ಬಾಧೆಯಿಲ್ಲ. ಅಂಗಡಿ ನಡೆಸಿ, ಮಕ್ಕಳನ್ನು ಸಾಕಿ, ತೊಂಬತ್ತು ವರ್ಷ ಬಾಳಿ ಹೋಗಬಹುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಾತ್ರ ಮಾತು ಬೇರೆ. ಉಸಿರುನಳಿಕೆಯನ್ನು ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಿಸಲು ವೈದ್ಯರು ಸಕ್ಸಿನೈಲ್ ಕೋಲಿನ್ ಎಂಬ ಔಷಧವನ್ನು ಚುಚ್ಚುವುದುಂಟು. ಸಾಧಾರಣ ಮನುಷ್ಯನಲ್ಲಿ ಕೆಲವೇ ನಿಮಿಷಗಳಲ್ಲಿ ಈ ಕಿಣ್ವವು ಅದನ್ನು ಕರಗಿಸಿಬಿಡುತ್ತದೆ. ಕಿಣ್ವವಿಲ್ಲದವರಲ್ಲಿ ಗಂಟೆಗಟ್ಟಲೆ ಕೈಕಾಲು ಅಲುಗದು, ಉಸಿರಾಟವೂ ತಾನಾಗಿ ನಡೆಯದು. ಯಂತ್ರದಿಂದ ಉಸಿರನ್ನು ನಡೆಸಿದರೆ ಔಷಧದ ಪ್ರಭಾವವು ಇಳಿದೊಡನೆ ರೋಗಿಯು ಸುಖವಾಗಿ ಏಳುತ್ತಾನೆ. ಯಂತ್ರವಿಲ್ಲದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಏನಾದೀತೆಂದು ಬಿಡಿಸಿ ಹೇಳಬೇಕಾದುದಿಲ್ಲ. ತಮ್ಮ ಕುಲದ ಹೆಸರನ್ನು ವೈದ್ಯನಿಗೆ ಹೇಳುವುದರಿಂದ ಪ್ರಾಣ ಉಳಿಯುವ ಸಂದರ್ಭವಿದು. ಜಾತಿಯನ್ನು ಕೇಳುವುದು ಅಸಭ್ಯವೆಂದು ತಿಳಿದ ನಮ್ಮ ಯುವಕ ವೈದ್ಯರು ಇದೊಂದನ್ನು ಸಂಕೋಚವಿಲ್ಲದೆ ಕೇಳಬೇಕೆಂದು ನಮ್ಮ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಜಾತಿಗಳು ಬೇರೆ ಬೇರೆ ರಕ್ತದವೆಂದು ಎದೆಯುಬ್ಬಿಸುವವರಿಗೆ ವಿಜ್ಞಾನವು ಬೆಂಬಲ ಕೊಡುವುದಿಲ್ಲ. ಜೊಲ್ಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ನಿಮ್ಮ ಪೂರ್ವಿಕರು ಎಲ್ಲಿಯವರೆಂದು ಶೇಕಡಾವಾರು ಬರೆದು ಕಳುಹಿಸುವ ವ್ಯಾಪಾರವು ಈಚೆಗೆ ನಡೆದಿದೆ. ಹೊಯ್ಸಳ ಕರ್ಣಾಟಕ, ಮುಲಕನಾಡು, ಬಬ್ಬೂರುಕಮ್ಮೆ, ಹೆಬ್ಬಾರ್ ಎಂಬ ಒಳಪಂಗಡಗಳ ಹೆಮ್ಮೆಯುಳ್ಳ ಮನೆಗಳ ಹುಡುಗರು ಇದಕ್ಕೆ ಹಣ ತೆರುವುದುಂಟು. 2009ರಲ್ಲಿಯೂ 2013ರಲ್ಲಿಯೂ ಹೊರಬಂದ ಸಂಶೋಧನೆಗಳ ಸಾರವೇನೆಂದರೆ, ಭಾರತದ ಹೆಚ್ಚುಕಡಮೆ ಪ್ರತಿಯೊಂದು ಜಾತಿಯೂ ಬುಡಕಟ್ಟೂ ಎರಡು ಪುರಾತನ ಜನಸಮೂಹಗಳ ಬೆರಕೆ. ಸುಮಾರು 4200 ವರ್ಷಗಳ ಹಿಂದಿನಿಂದ 1900 ವರ್ಷಗಳ ಹಿಂದಿನವರೆಗೆ ಈ ಬೆರಕೆಯು ಧಾರಾಳವಾಗಿ ನಡೆದು, ಆಮೇಲೆ ಬಾಗಿಲು ಮುಚ್ಚಿತು. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಶುದ್ಧವೆಂಬುದು ಯಾರಲ್ಲಿಯೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಮುಂದಾಳಾಗಿ ದೇಶದ 10 ಸಾವಿರ ಜನರ ಸಮಗ್ರ ಡಿ.ಎನ್.ಎ.ಯನ್ನು ಓದಿಸಿದ ಜೀನೋಮ್ ಇಂಡಿಯ ಯೋಜನೆಯ ಮಾಹಿತಿಯು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಯೂರೋಪಿನವರ ರಕ್ತವನ್ನು ಅಳೆದು ಮಾಡಿದ ಕೋಷ್ಟಕಗಳಿಂದ ನಮ್ಮವರ ರೋಗವನ್ನು ಊಹಿಸುವ ಕಷ್ಟವು ಇದರಿಂದ ಕೆಲಮಟ್ಟಿಗಾದರೂ ತಪ್ಪುವುದು.

ಹೆಸರಿನ ಗಂಡಾಂತರವನ್ನು ತಿಳಿಯಬೇಕಾದವರು ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಯಬೇಕು. 1975ರ ಸುಮಾರಿನಲ್ಲಿ ಆ ಹಳ್ಳಿಯ ಬಡವರಲ್ಲಿ ಸೊಂಟ ಮೊಣಕಾಲುಗಳ ಕೀಲುಗಳು ಸವೆದು, ನಡು ಬಾಗಿ, ದುಡಿಯುವ ವಯಸ್ಸಿನಲ್ಲಿಯೇ ತೆವಳುವ ಸ್ಥಿತಿಗೆ ಬರುವ ವ್ಯಾಧಿಯು ಹೊರಗಿನವರ ಕಣ್ಣಿಗೆ ಬಿದ್ದಿತು. ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳನ್ನು ಸೇರಿ, ಏಡಿ ತಿಂದವರಿಗೆ ರೋಗ ಬಂದಿತೆಂದು ಮೊದಲು ಊಹಿಸಿದರು. ಕಾಲಕ್ರಮದಲ್ಲಿ ಅದು ವಂಶವಾಹಿಯ ದೋಷವೆಂದು ಸಂಶೋಧಕರು ನಿರ್ಧರಿಸಿದರು. ಇದರಲ್ಲಿ ಒಂದೇ ಕೆಟ್ಟ ಪ್ರತಿಯು ಸಾಕು. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬರಬಹುದು. ರೋಗವು ಅಕ್ಕಪಕ್ಕದ ಅನೇಕ ಹಳ್ಳಿಗಳಲ್ಲಿದ್ದರೂ ಒಂದು ಊರಿನ ಹೆಸರೇ ಅದಕ್ಕೆ ಅಂಟಿತು. ವೈದ್ಯಗ್ರಂಥಗಳಲ್ಲಿ ತನ್ನ ಊರು ರೋಗವಾಗಿ ಅಚ್ಚಾದ ಮೇಲೆ ಆ ಊರಿನ ಆರೋಗ್ಯವಂತ ಹುಡುಗಿಗೆ ವರ ಹುಡುಕುವವರ ಪಾಡೇನೆಂಬುದನ್ನು ಹೆಸರಿಟ್ಟವರು ಯೋಚಿಸಲಿಲ್ಲ.

ತಿಳಿಯುವುದೇ ಯಾವಾಗಲೂ ಲೇಸೇ? ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಬಲ್ಲ ಹಂಟಿಂಗ್‌ಟನ್ ರೋಗವು ಮೂವತ್ತು ನಲವತ್ತು ದಾಟಿದ ಮೇಲೆ ತಲೆಯೆತ್ತುತ್ತದೆ. ಕೈಕಾಲುಗಳು ಅಂಕೆ ತಪ್ಪುತ್ತವೆ, ಬುದ್ಧಿಯು ಕುಂದುತ್ತದೆ, ವಾಸಿಮಾಡುವ ಮದ್ದಿಲ್ಲ. ರೋಗಿಯ ಮಗನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿಯೇ ರಕ್ತ ಪರೀಕ್ಷಿಸಿ ಬರುತ್ತದೋ ಇಲ್ಲವೋ ಹೇಳಿಬಿಡಬಹುದು. ಕೆಲವರು ತಿಳಿದು ಸಿದ್ಧರಾಗಬಯಸುತ್ತಾರೆ, ಕೆಲವರು ತಿಳಿಯದೆ ಬಾಳಬಯಸುತ್ತಾರೆ. ಎರಡನೆಯವರನ್ನು ಹೇಡಿಗಳೆನ್ನುವ ಅಧಿಕಾರ ಯಾರಿಗೂ ಇಲ್ಲ. ಪರೀಕ್ಷೆಗೆ ಮುನ್ನ ತಜ್ಞರು ಕುಳಿತು ಮಾತನಾಡಿ, ಅವನ ಮನಸ್ಸನ್ನು ಅರಿತು ಮುಂದುವರಿಯಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಹಣ ಕಟ್ಟಿಸಿಕೊಂಡು ಚೀಟಿಯನ್ನು ಅಂಚೆಗೆ ಹಾಕುವ ವರ್ತಕರಲ್ಲಿ ಈ ತಾಳ್ಮೆಯನ್ನು ಕಾಣಲಾರೆವು.

ಗುಟ್ಟಿನ ಪ್ರಶ್ನೆಯು ಇನ್ನೂ ತೊಡಕಿನದು. ಒಬ್ಬನ ರಕ್ತದ ವರದಿಯು ಅವನೊಬ್ಬನದಲ್ಲ; ಅವನ ಅಣ್ಣತಮ್ಮಂದಿರದೂ ಮಕ್ಕಳದೂ ಹೌದು. ಅದು ಉದ್ಯೋಗ ಕೊಡುವವನ ಕೈಗೋ ವಿಮಾ ಕಂಪನಿಯ ಕೈಗೋ ಸಿಕ್ಕಿದರೆ ಏನಾಗುವುದು? ಅಮೆರಿಕದಲ್ಲಿ ಇದಕ್ಕೆಂದೇ 2008ರಲ್ಲಿ ಒಂದು ಕಾಯಿದೆಯಾಯಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. ಹೃದಯದ ಆನುವಂಶಿಕ ರೋಗವುಳ್ಳ ಒಬ್ಬರಿಗೆ ವಿಮಾ ಕಂಪನಿಯೊಂದು ಹಣ ಕೊಡಲೊಪ್ಪದ ಮೊಕದ್ದಮೆಯಲ್ಲಿ ದೆಹಲಿಯ ಹೈಕೋರ್ಟು 2018ರ ಫೆಬ್ರವರಿಯಲ್ಲಿ, ಆನುವಂಶಿಕ ರೋಗಗಳನ್ನೆಲ್ಲ ಒಂದೇ ಮಾತಿನಲ್ಲಿ ಹೊರಗಿಡುವ ಷರತ್ತು ಪಕ್ಷಪಾತದ್ದೆಂದು ತೀರ್ಪಿತ್ತಿತು. ಅದಕ್ಕೆ ಕೆಲವು ತಿಂಗಳ ಹಿಂದೆ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಸಾರಿದ್ದರು. ಆ ಮೊಕದ್ದಮೆಯನ್ನು ಹೂಡಿದವರು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮ್ಮ ನಗರಕ್ಕೆ ಗೌರವದ ಸಂಗತಿ. ಆದರೆ ನಮ್ಮ ಹೆದರಿಕೆಯು ಕೋರ್ಟಿಗೂ ಕಂಪನಿಗೂ ಸಂಬಂಧಿಸಿದುದಕ್ಕಿಂತ ಮದುವೆಯ ದಲ್ಲಾಳಿಗಳಿಗೆ ಹೆಚ್ಚು ಸಂಬಂಧಿಸಿದುದು. ವಾಹಕಳೆಂದು ಗೊತ್ತಾದ ಹುಡುಗಿಯನ್ನು, ಅವಳಿಗೆ ರೋಗದ ಸೋಂಕೇ ಇಲ್ಲದಿದ್ದರೂ, ಕುಜದೋಷದ ಜಾತಕದಂತೆ ಮೂಲೆಗೆ ತಳ್ಳುವರು. ವಾಹಕನಾದ ಹುಡುಗನ ವರದಿಯು ಪೆಟ್ಟಿಗೆಯಲ್ಲಿಯೇ ಉಳಿದೀತು.

ಪರೀಕ್ಷೆಯು ದಾರಿ ತಪ್ಪುವುದನ್ನು ನಾವು ಒಮ್ಮೆ ಕಂಡಿದ್ದೇವೆ. ಗರ್ಭದ ನೀರನ್ನು ತೆಗೆದು ಶಿಶುವಿನ ಹುಟ್ಟುದೋಷಗಳನ್ನು ಶೋಧಿಸುವ ವಿಧಾನವು 1970ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. ಬಲುಬೇಗ ಅದು ಹೆಣ್ಣು ಭ್ರೂಣವನ್ನು ಪತ್ತೆ ಮಾಡಿ ಕೊಲ್ಲುವ ಕಸುಬಾಯಿತು. 1994ರ ಕಾಯಿದೆಯು ಅದಕ್ಕಾಗಿಯೇ ಹುಟ್ಟಿದುದು. 1933ರಲ್ಲಿ ಜರ್ಮನಿಯು ಆನುವಂಶಿಕ ರೋಗಿಗಳಿಗೆ ಬಲವಂತದ ಸಂತಾನಹರಣ ಮಾಡುವ ಶಾಸನ ತಂದು ಎಲ್ಲಿಗೆ ಮುಟ್ಟಿತೆಂಬುದನ್ನೂ ಲೋಕವು ಬಲ್ಲದು. ಆದುದರಿಂದ ಸರ್ಕಾರವು ಯಾರ ಮದುವೆಯನ್ನೂ ತಡೆಯತಕ್ಕದ್ದಲ್ಲ. ಪರೀಕ್ಷೆಯನ್ನು ಕಡ್ಡಾಯ ಮಾಡತಕ್ಕದ್ದೂ ಅಲ್ಲ.

ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದ್ಯರು 1980ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಟೇ ಸ್ಯಾಕ್ಸ್ ಎಂಬ ರೋಗಕ್ಕೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಧರ್ಮಗುರುವೊಬ್ಬರು ಆರಂಭಿಸಿದ ಏರ್ಪಾಡು ಅದು. ಹುಡುಗ ಹುಡುಗಿಯರ ರಕ್ತವನ್ನು ಪರೀಕ್ಷಿಸಿ ಒಬ್ಬೊಬ್ಬರಿಗೆ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಯಾರು ವಾಹಕರೆಂದು ಅವರಿಗೂ ಹೇಳುವುದಿಲ್ಲ. ಸಂಬಂಧ ಕುದುರುವ ಮುನ್ನ ಎರಡು ಸಂಖ್ಯೆಗಳನ್ನು ಒಪ್ಪಿಸಿದರೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂಬ ಒಂದೇ ಉತ್ತರ ಬರುತ್ತದೆ. ಜಾತಕಗಳನ್ನು ಜೋಯಿಸರ ಮುಂದಿಟ್ಟು ಹೊಂದಾಣಿಕೆ ಕೇಳುವ ನಮ್ಮ ಜನಕ್ಕೆ ಇದರಲ್ಲಿ ಹೊಸದೇನಿದೆ? ಯಾರಿಗೂ ಕಳಂಕವಿಲ್ಲ, ಯಾರ ಗುಟ್ಟೂ ರಟ್ಟಾಗದು. ಆ ಜನರಲ್ಲಿ ಟೇ ಸ್ಯಾಕ್ಸ್ ಶಿಶುಗಳು ಹುಟ್ಟುವುದು ಬಹುಮಟ್ಟಿಗೆ ನಿಂತಿತು.

ಬೆಂಗಳೂರಿನಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ಎಚ್. ಶರತ್ ಚಂದ್ರ ಅವರು ಕಟ್ಟಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡಗೂಡಿ ಅದು ವಿರಳ ರೋಗಗಳ ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದಾಗಿದೆ. 2021ರ ವಿರಳ ರೋಗಗಳ ನೀತಿಯಂತೆ ಇಂಥ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯಬಹುದು. ಕೆಲವು ರೋಗಗಳ ಔಷಧಕ್ಕೆ ವರ್ಷಕ್ಕೆ ಇದಕ್ಕೂ ಮಿಕ್ಕ ಹಣ ಬೇಕು. ಮದುವೆಗೆ ಮುನ್ನ ಒಂದು ಗಂಟೆಯ ಸಮಾಲೋಚನೆಗೆ ಆಗುವ ವೆಚ್ಚವನ್ನು ಇದರ ಪಕ್ಕದಲ್ಲಿಟ್ಟು ನೋಡುವಂತೆ ಅಧಿಕಾರಿವರ್ಗದವರನ್ನು ಕೋರುತ್ತೇವೆ. ಚಾಮರಾಜಪೇಟೆಯ ಮಗ್ಗುಲಲ್ಲಿ, 1935ರಿಂದ ನಗರದ ಬಡ ಬಾಣಂತಿಯರಿಗೆ ಆಶ್ರಯವಾಗಿರುವ ವಾಣಿ ವಿಲಾಸ ಆಸ್ಪತ್ರೆಯಲ್ಲಿ, ಚೊಚ್ಚಲ ಬಸುರಿಯನ್ನು ದಾಖಲು ಮಾಡಿಕೊಳ್ಳುವಾಗಲೇ ಗಂಡನು ಏನಾಗಬೇಕೆಂಬ ಆ 1980ರ ಪ್ರಶ್ನೆಯನ್ನು ಕೇಳಿ ಬರೆದುಕೊಳ್ಳುವುದು ಎಷ್ಟರ ಕೆಲಸ? ಹೌದೆಂದವರನ್ನು ಕನ್ನಡ ಬಲ್ಲ ಸಮಾಲೋಚಕರೊಬ್ಬರ ಬಳಿಗೆ ಕಳುಹಿಸುವುದು, ಹುಟ್ಟಿದ ಕೂಸಿನ ಹಿಮ್ಮಡಿಯ ರಕ್ತವನ್ನು ಕಾಗದಕ್ಕೆ ಇಂಗಿಸುವುದು ಮುಂದಿನ ಹೆಜ್ಜೆಗಳು. ಥೈರಾಯ್ಡ್ ಗ್ರಂಥಿಯ ಹುಟ್ಟುಕೊರತೆಯನ್ನು ಮೊದಲ ವಾರಗಳಲ್ಲಿಯೇ ಕಂಡುಹಿಡಿದು ದಿನಕ್ಕೊಂದು ಅಗ್ಗದ ಮಾತ್ರೆ ಕೊಟ್ಟರೆ ಮಗುವಿನ ಬುದ್ಧಿಯು ಉಳಿಯುತ್ತದೆ. ಆರು ತಿಂಗಳು ತಡೆದರೆ ಹೋದುದು ಮರಳಿ ಬಾರದು.

ಸಮಾಜದ ಸಂಘಗಳೂ ಸರ್ಕಾರದ ದಾರಿ ಕಾಯಬೇಕಾದುದಿಲ್ಲ. ವಧೂವರರ ಸಮಾವೇಶಗಳನ್ನು ನಡೆಸುವ, ರಕ್ತದಾನದ ಶಿಬಿರಗಳನ್ನು ಏರ್ಪಡಿಸುವ ಅನುಭವವು ಅವಕ್ಕೆ ಬೇಕಾದಷ್ಟಿದೆ. ಮೇಲೆ ಹೇಳಿದ ಕಿಣ್ವದ ಕೊರತೆಯನ್ನು ಗುರುತಿಸುವುದಕ್ಕೆ ಡಿ.ಎನ್.ಎ. ಓದುವ ದುಬಾರಿ ಯಂತ್ರವೂ ಬೇಡ. ಕೀಟನಾಶಕ ಕುಡಿದವರನ್ನು ಹೊತ್ತು ತಂದಾಗ ಆಸ್ಪತ್ರೆಗಳು ಮಾಡಿಸುವ ಕೋಲಿನೆಸ್ಟರೇಸ್ ಪರೀಕ್ಷೆಯೇ ಮೊದಲ ಸುಳಿವಿಗೆ ಸಾಕು. ನಗರದ ಸಾಧಾರಣ ಪ್ರಯೋಗಶಾಲೆಗಳಲ್ಲಿಯೂ ಅದು ನಡೆಯುತ್ತದೆ. ಕೊರತೆಯುಳ್ಳವರಿಗೆ ಆ ಔಷಧದ ಹೆಸರನ್ನು ಬರೆದು ಕೊಡಬಾರದೆಂದು ಸೂಚಿಸುವ ಒಂದು ಚೀಟಿಯನ್ನು ಕೊಟ್ಟು, ರಕ್ತದ ಗುಂಪಿನ ಚೀಟಿಯ ಜೊತೆಗೆ ಅದನ್ನು ಕಿಸೆಯಲ್ಲಿಟ್ಟುಕೊಳ್ಳಲು ಹೇಳಿದರೆ ಆಯಿತು. ಅವರ ಒಡಹುಟ್ಟಿದವರನ್ನೂ ಅದೇ ವಾರದಲ್ಲಿ ಕರೆದು ಪರೀಕ್ಷಿಸಬೇಕು.